ಕೆಂಪು ಕಾರು, ಕೆಂಪು ಧೂಳು

ಕೆಲಸ ಸಿಕ್ಕ ಕೂಡಲೇ ಹೊಸ ಸ್ಪೋರ್ಟ್ಸ್ ಕಾರು ಕೊಳ್ಳಬಹುದೆ? ಮೊಮ್ಮಗ ಕೇಳಿದ ಪ್ರಶ್ನೆಗೆ, ಒಂದು ಕಾಲದಲ್ಲಿ ಬ್ಯಾಂಕಿನಲ್ಲಿ ವಾಹನ ಸಾಲ ಕೊಡುತ್ತಿದ್ದ ತಾತ ಹುಡುಕಿದ ಉತ್ತರ ಇದು.

ದೀಪಾವಳಿಯ ಹಿಂದಿನ ಸಂಜೆ. ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮನೆ ಜಗಲಿಯ ಮೇಲೆ ಮೂವರು ಕುಳಿತಿದ್ದೆವು. ನಾನು, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾದ ಮೊಮ್ಮಗ, ಎಂಟನೇ ತರಗತಿಯ ಮೊಮ್ಮಗಳು. ನಡುವೆ ಒಂದು ದೊಡ್ಡ ತಟ್ಟೆ ಒಗ್ಗರಣೆ, ಪಕ್ಕದಲ್ಲಿ ಬಿಸಿ ಮಿರ್ಚಿ.

ಮೊಮ್ಮಗ ಮೊಬೈಲನ್ನು ನನ್ನ ಕನ್ನಡಕದ ಹತ್ತಿರ ಹಿಡಿದ. ಪರದೆಯ ತುಂಬ ಕೆಂಪು ಬಣ್ಣದ ಕಾರು.

“ಹೆಂಗೈತಿ ತಾತ?”

“ಚೆಂದೈತಿ. ಯಾರದು?”

“ನಂದೇ. ಅಂದ್ರ, ನಂದಾಗಬೇಕು.”

ಆಮೇಲೆ ವಿಷಯ ನಿಧಾನವಾಗಿ ಹೊರಬಂತು. ಕಾರಿನ ಬೆಲೆ 15 ಲಕ್ಷ. ತೆರಿಗೆ, ವಿಮೆ, ನೋಂದಣಿ ಎಲ್ಲ ಸೇರಿ ರಸ್ತೆಗಿಳಿಯುವಷ್ಟರಲ್ಲಿ ಸುಮಾರು ಹದಿನೆಂಟೂವರೆ ಲಕ್ಷ. ಅವನು ಕೂಡಿಟ್ಟದ್ದು ಮೂರೂವರೆ ಲಕ್ಷ. ಬ್ಯಾಂಕು 10 ಲಕ್ಷ ಸಾಲ ಕೊಡುತ್ತದೆ. ಕಡಿಮೆ ಬಿದ್ದದ್ದು 5 ಲಕ್ಷ. ಆ 5 ಲಕ್ಷ ನನ್ನ ಠೇವಣಿಯಲ್ಲಿತ್ತು. ಅದು ಅವನಿಗೂ ಗೊತ್ತಿತ್ತು.

ಒಳಗಿನಿಂದ ಅವರಜ್ಜಿ ಫೋಟೋ ನೋಡಲು ಬಂದವಳು, “ಇದರಾಗ ಕುಂದ್ರೋದೇನೋ ಕುಂದ್ರಬಹುದು, ಏಳೋದು ಹೆಂಗಪ್ಪಾ?” ಎಂದಳು. ಎಲ್ಲರೂ ನಕ್ಕೆವು. ಆದರೆ ಮೊಮ್ಮಗನ ಕಣ್ಣು ನನ್ನ ಮೇಲೇ ಇತ್ತು.

“ತಾತ, ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆ ಮಾತ್ರ ಹೇಳಬ್ಯಾಡ. ಅದು ನಂಗೂ ಗೊತ್ತೈತಿ.”

ಸರಿ, ಗಾದೆ ಹೇಳುವುದಿಲ್ಲ ಎಂದು ಒಪ್ಪಿಕೊಂಡೆ. ಮೊಮ್ಮಗಳಿಗೆ ನೋಟ್‌ಬುಕ್ ತರಲು ಹೇಳಿದೆ. ಆ ರಾತ್ರಿ, ಮರುದಿನ ಬೆಳಿಗ್ಗೆ ನಾವು ಮಾತಾಡಿದ್ದು, ಬರೆದದ್ದು ಇಲ್ಲಿದೆ. ನಿಮ್ಮ ಮನೆಯ ಜಗಲಿಗೂ ಈ ಪ್ರಶ್ನೆ ಬರಬಹುದು.

ಆಸೆ ತಪ್ಪಲ್ಲ

ಮೊದಲು ಅವನ ವಾದವನ್ನೇ ಕೇಳಿದೆ. “ಕಾರು ಓಡಿಸೋ ಆಸೆ 23ಕ್ಕೆ ಇರತೈತಿ. ದುಡ್ಡು 60ಕ್ಕೆ ಬರತೈತಿ. ಅಷ್ಟೊತ್ತಿಗೆ ಮಂಡಿನೋವು. ಈಗಿನ ಕಾರಿಗೆ ಏರ್‌ಬ್ಯಾಗ್ ಐತಿ, ಬ್ರೇಕ್ ಒಳ್ಳೇವು. ನಾನು ಕುಡಿಯಂಗಿಲ್ಲ, ಸಿಗರೇಟ್ ಸೇದಂಗಿಲ್ಲ. ನನ್ನ ದುಡಿಮೆಯಾಗ ಒಂದು ಸಂತೋಷ ಬೇಡೇನು?”

ಇದರಲ್ಲಿ ತೆಗೆದುಹಾಕುವಂಥ ಮಾತು ಒಂದೂ ಇಲ್ಲ. ಯೌವನಕ್ಕೂ ವೇಗಕ್ಕೂ ಹಳೆಯ ನಂಟು. ಮಕ್ಕಳೇ, ಜಗತ್ತಿನ ಮೊದಲ ದೂರದ ಕಾರು ಪ್ರಯಾಣ ಮಾಡಿದವರು ಯಾರು ಗೊತ್ತೆ? ಜರ್ಮನಿಯಲ್ಲಿ ಕಾರ್ಲ್ ಬೆಂಜ್ ಎಂಬ ಎಂಜಿನಿಯರ್ 1886ರಲ್ಲಿ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಪಡೆದ. ಜನ ಅದನ್ನು ನಂಬಲಿಲ್ಲ. 1888ರ ಆಗಸ್ಟ್‌ನಲ್ಲಿ ಅವನ ಹೆಂಡತಿ ಬರ್ತಾ, 15 ಮತ್ತು 13 ವರ್ಷದ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಗಂಡನಿಗೂ ಹೇಳದೆ ಆ ಗಾಡಿಯನ್ನು ಹೊರಡಿಸಿಬಿಟ್ಟಳು. ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, 100 ಕಿಲೋಮೀಟರಿಗೂ ಹೆಚ್ಚು ದೂರ. ದಾರಿಯಲ್ಲಿ ಇಂಧನ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡಳು. ನಳಿಕೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಏರು ಬಂದಾಗ ಹುಡುಗರು ಇಳಿದು ತಳ್ಳಿದರು. ಹೋದದ್ದು ಎಲ್ಲಿಗೆ? ಬರ್ತಾಳ ತಾಯಿಯ ಊರಿಗೆ. ಅಂದರೆ ಆ ಹುಡುಗರಿಗೆ ಅಜ್ಜಿಯ ಊರು!

ಹಾಗಾಗಿ ಕಾರಿನ ಆಸೆಗೆ ನಾನು ಬೈಯುವವನಲ್ಲ. ನನ್ನ ಪ್ರಶ್ನೆ ಬೇರೆ: ಯಾವ ಕಾರು, ಯಾವ ದುಡ್ಡು, ಯಾವ ರಸ್ತೆ?

ಸ್ಪೋರ್ಟ್ಸ್ ಕಾರು ಎಂದರೇನು?

ನಿಜವಾದ ಸ್ಪೋರ್ಟ್ಸ್ ಕಾರು ನೋಡಲು ಮಾತ್ರ ಬೇರೆಯಲ್ಲ. ಅದರ ಮೈ ನೆಲಕ್ಕೆ ಹತ್ತಿರ. ಭಾರವೆಲ್ಲ ಕೆಳಗೆ ಇರುವುದರಿಂದ ತಿರುವಿನಲ್ಲಿ ಹೊರಳದೆ ನೆಲವನ್ನು ಹಿಡಿದುಕೊಳ್ಳುತ್ತದೆ. ಹೆಚ್ಚಾಗಿ ಎರಡೇ ಬಾಗಿಲು. ಗಾತ್ರಕ್ಕೆ ಮೀರಿದ ಎಂಜಿನ್. ಅಮೆರಿಕದ ಹೆಸರಾಂತ ಮಸ್ಟ್ಯಾಂಗ್ ಕಾರು 2016ರಲ್ಲಿ ನಮ್ಮ ದೇಶಕ್ಕೆ ಬಂದಾಗ ಅದರ ಶೋರೂಂ ಬೆಲೆಯೇ 65 ಲಕ್ಷ ಇತ್ತು. ಇನ್ನೂ ಕೆಲವು ಕೋಟಿ ದಾಟುತ್ತವೆ.

ಕರ್ನಾಟಕದವರೂ ಈ ಕನಸು ಕಂಡವರೇ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಕಂಪನಿ ‘ಸ್ಟಾರ್ಮ್’ ಎಂಬ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರನ್ನು ತಂದಿತ್ತು. ಫೈಬರ್ ಮೈ, 1.2 ಲೀಟರಿನ ಸಣ್ಣ ಎಂಜಿನ್. ನೋಡಿದವರು ಬಹಳ, ಕೊಂಡವರು ಕಡಿಮೆ.

ಮೊಮ್ಮಗ ತೋರಿಸಿದ 15 ಲಕ್ಷದ ಕಾರು ಈ ಜಾತಿಯದಲ್ಲ. ಮಾಮೂಲಿ ಕಾರಿಗೇ ಚುರುಕಾದ ಎಂಜಿನ್ ಕೂರಿಸಿ, ಕೆಂಪು ಪಟ್ಟಿ ಬಳಿದು, ಹಿಂದೆ ‘ಸ್ಪೋರ್ಟ್’ ಎಂದು ಬರೆದದ್ದು. ಇದನ್ನು ಹೇಳಿದಾಗ ಅವನ ಮುಖ ಸ್ವಲ್ಪ ಸಪ್ಪಗಾಯಿತು.

“ಹಂಗಾದ್ರ ನಿಜವಾದದ್ದನ್ನ ಯಾವತ್ತಾದ್ರೂ ತಗೊಂತೀನಿ” ಎಂದ.

“ತಗೋ. ಆದ್ರ ನಮ್ಮ ಬೀದಿಗೆ ತರಬ್ಯಾಡ” ಎಂದೆ. ರಸ್ತೆ ಉಬ್ಬಿನ ಎತ್ತರ ನಿಯಮದ ಪ್ರಕಾರ 10 ಸೆಂಟಿಮೀಟರ್. ಬೀದಿಯವರೇ ಹಾಕಿಸಿದ ಉಬ್ಬುಗಳಿಗೆ ಆ ನಿಯಮವೂ ಇಲ್ಲ. ಅನೇಕ ಸ್ಪೋರ್ಟ್ಸ್ ಕಾರುಗಳ ಹೊಟ್ಟೆ ನೆಲದಿಂದ 10ರಿಂದ 13 ಸೆಂಟಿಮೀಟರ್ ಮೇಲೆ ಮಾತ್ರ ಇರುತ್ತದೆ. ನಾಲ್ಕು ಉಬ್ಬು ದಾಟುವಷ್ಟರಲ್ಲಿ ಹೊಟ್ಟೆ ಉಜ್ಜಿ ಹೋಗುತ್ತದೆ. ಮಳೆ ಬಂದು ರೈಲ್ವೆ ಕೆಳಸೇತುವೆಯಲ್ಲಿ ನೀರು ನಿಂತರಂತೂ ಕೇಳುವುದೇ ಬೇಡ.

ಮೊಮ್ಮಗಳ ನೋಟ್‌ಬುಕ್

ಇನ್ನು ದುಡ್ಡಿನ ಲೆಕ್ಕ. ನಾನು ಹೇಳುತ್ತಾ ಹೋದೆ, ಮೊಮ್ಮಗಳು ಬರೆದಳು. ಈ ಲೆಕ್ಕವನ್ನು ಮಕ್ಕಳು ತಾವೂ ಮಾಡಿ ನೋಡಬಹುದು.

10 ಲಕ್ಷ ಸಾಲ, ವರ್ಷಕ್ಕೆ ಶೇ 9 ಬಡ್ಡಿ, 7 ವರ್ಷ ಅಂದರೆ 84 ಕಂತು. ತಿಂಗಳ ಕಂತು ಸುಮಾರು 16,090 ರೂಪಾಯಿ. ಒಟ್ಟು ಕಟ್ಟುವುದು ಸುಮಾರು ಹದಿಮೂರೂವರೆ ಲಕ್ಷ. ಮೂರೂವರೆ ಲಕ್ಷ ಬರೀ ಬಡ್ಡಿ.

ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದ ಕಾರಿಗೆ ಜೀವಾವಧಿ ತೆರಿಗೆ ಶೇ 17, ಅದರ ಮೇಲೆ ಸೆಸ್. 15 ಲಕ್ಷದ ಕಾರಿಗೆ ತೆರಿಗೆಯೇ 2 ಲಕ್ಷ 55 ಸಾವಿರ. ಕಾರು ಮಾರಿದಾಗ ಈ ಹಣವನ್ನು ಯಾರೂ ವಾಪಸು ಕೊಡುವುದಿಲ್ಲ.

ವಿಮೆಯವರು ಕಾರಿನ ಬೆಲೆ ಕಟ್ಟುವುದಕ್ಕೆ ಒಂದು ಕೋಷ್ಟಕವಿದೆ. ಒಂದು ವರ್ಷ ತುಂಬುವುದರೊಳಗೆ ಶೇ 15 ಕಳೆಯುತ್ತಾರೆ. ಮೂರನೇ ವರ್ಷಕ್ಕೆ ಶೇ 30, ಐದನೇ ವರ್ಷಕ್ಕೆ ಶೇ 50. ಅಂದರೆ ಐದು ವರ್ಷಕ್ಕೆ 15 ಲಕ್ಷದ ಕಾರು ಏಳೂವರೆ ಲಕ್ಷದ್ದು.

ಐದು ವರ್ಷದ ಕೊನೆಗೆ ನಿಂತು ನೋಡೋಣ. ಕೈಯಿಂದ ಕೊಟ್ಟ ಎಂಟೂವರೆ ಲಕ್ಷ, 60 ಕಂತುಗಳ 9 ಲಕ್ಷ 65 ಸಾವಿರ ಸೇರಿ 18 ಲಕ್ಷಕ್ಕೂ ಹೆಚ್ಚು ಹೋಗಿದೆ. ಕಾರು ಏಳೂವರೆ ಲಕ್ಷದ್ದು. ಇನ್ನೂ ಮೂರೂವರೆ ಲಕ್ಷ ಸಾಲ ಬಾಕಿ. ಉಳಿದದ್ದು 4 ಲಕ್ಷ.

ಮೊಮ್ಮಗಳು ಪೆನ್ಸಿಲ್ ಕಚ್ಚುತ್ತಾ ಕುಳಿತಳು. “ಅಣ್ಣಾ, ಹದಿನೆಂಟು ಕೊಟ್ಟು ನಾಲ್ಕು ಇಟಗೊಳ್ಳೋದಾ?”

“ಓಡಾಡಿದ್ದು ಲೆಕ್ಕಕ್ಕಿಲ್ಲೇನು?” ಎಂದ ಅವನು. ನ್ಯಾಯವಾದ ಪ್ರಶ್ನೆ. ಓಡಾಟಕ್ಕೂ ಬೆಲೆಯಿದೆ. ಆದರೆ ಅದೇ ಓಡಾಟವನ್ನು ಅರ್ಧ ಬೆಲೆಯ ಕಾರೂ ಮಾಡಿಸುತ್ತದೆ. ಉಳಿದದ್ದು ಕೆಂಪು ಪಟ್ಟಿಯ ಬೆಲೆ.

ಆಮೇಲೆ ಲೆಕ್ಕವನ್ನು ತಿರುಗಿಸಿ ಹಾಕಿದೆವು. ಅದೇ 16,000 ರೂಪಾಯಿಯನ್ನು ತಿಂಗಳು ತಿಂಗಳು ಶೇ ಆರೂವರೆ ಬಡ್ಡಿಯ ಆರ್.ಡಿ.ಗೆ ಕಟ್ಟಿದರೆ ಐದು ವರ್ಷಕ್ಕೆ ಸುಮಾರು 11 ಲಕ್ಷ. ಆಗ ಅವನಿಗೆ ಬರೀ 28 ವರ್ಷ. ಮಂಡಿನೋವು ಬರಲು ಇನ್ನೂ ಬಹಳ ಸಮಯವಿದೆ.

2011ರ ಜುಲೈ

“ತಾತ, ಸಂಬಳ ಏರತೈತಿ. ಕಂತು ಕಟ್ಟೋದು ಕಷ್ಟ ಆಗಂಗಿಲ್ಲ” ಎಂದ ಮೊಮ್ಮಗ. ಆಗ ನಾನು ಯಾರಿಗೂ ಹೇಳದ ಒಂದು ಸಂಗತಿಯನ್ನು ಹೇಳಿದೆ.

ಈಗಿನ ಮಕ್ಕಳಿಗೆ ಆ ಬಳ್ಳಾರಿ ಗೊತ್ತಿಲ್ಲ. ಚೀನಾಕ್ಕೆ ಕಬ್ಬಿಣದ ಅದಿರು ಎಷ್ಟಿದ್ದರೂ ಸಾಲದಾಗಿದ್ದ ಕಾಲ. ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಹಗಲು ರಾತ್ರಿ ಅದಿರಿನ ಲಾರಿಗಳ ಸಾಲು. ಮರದ ಎಲೆ, ಮನೆಯ ಗೋಡೆ, ಶಾಲೆಗೆ ಹೋಗುವ ಮಕ್ಕಳ ಬಿಳಿ ಅಂಗಿ, ಎಲ್ಲ ಕೆಂಪು ಧೂಳು. ಆ ಧೂಳಿನ ನಡುವೆಯೇ ಹೊಳೆಯುವ ವಿದೇಶಿ ಕಾರುಗಳು ಓಡಾಡತೊಡಗಿದವು. ದೊಡ್ಡವರದ್ದನ್ನು ನೋಡಿ ಚಿಕ್ಕವರೂ ಕೊಂಡರು.

2011ರ ಆರಂಭದಲ್ಲಿ ಇಪ್ಪತ್ತೈದರ ಹುಡುಗನೊಬ್ಬ ನನ್ನ ಮೇಜಿನ ಮುಂದೆ ಬಂದು ಕುಳಿತ. ಅಪ್ಪನದೊಂದು ಲಾರಿ ಇತ್ತು, ಎರಡನೆಯದಕ್ಕೆ ಸಾಲ ಕೇಳಿದ. ಮೂರು ವರ್ಷದ ಆದಾಯ ಏರುತ್ತಲೇ ಇತ್ತು. ಕಾಗದ ಪತ್ರ ಸರಿಯಾಗಿದ್ದವು. ಶಿಫಾರಸು ಮಾಡಿ ಸಹಿ ಹಾಕಿದೆ. ಹೋಗುವಾಗ ಅವನು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ಬೇರೆ ಕಡೆ ಸಾಲ ಮಾಡಿ ಕೊಂಡ ಹೊಸ ಕಾರು. ಅದೂ ಕೆಂಪು ಬಣ್ಣದ್ದೇ. “ಚೆನ್ನಾಗಿದೆ” ಎಂದು ಕೈಕುಲುಕಿ ಕಳಿಸಿದೆ.

ಅಕ್ರಮ ಗಣಿಗಾರಿಕೆಯಿಂದ ಬೆಟ್ಟಗಳೇ ಕರಗುತ್ತಿದ್ದವು. ಲೋಕಾಯುಕ್ತರು ವರದಿ ಕೊಟ್ಟರು. ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಲು ಆದೇಶಿಸಿತು. ಆದೇಶ ಬೇಕಾಗಿತ್ತು, ಬೆಟ್ಟ ಉಳಿಯಬೇಕಾಗಿತ್ತು. ಆದರೆ ಸಾಲದ ಕಂತಿಗೆ ಆದೇಶ ಗೊತ್ತಾಗುವುದಿಲ್ಲ. ಅದು ಪ್ರತಿ ತಿಂಗಳೂ ಅದೇ ತಾರೀಖಿಗೆ ಬರುತ್ತದೆ. ಲಾರಿಗಳು ರಸ್ತೆ ಬದಿಯಲ್ಲಿ, ಬಯಲಿನಲ್ಲಿ ಸಾಲಾಗಿ ನಿಂತವು. ಟೈರುಗಳ ಸಂದಿಯಲ್ಲಿ ಹುಲ್ಲು ಬೆಳೆಯಿತು. ಮುಂದೆ ಷರತ್ತುಗಳ ಮೇಲೆ ಹಂತ ಹಂತವಾಗಿ ಗಣಿಗಳು ತೆರೆದವು. ಅಷ್ಟು ದಿನ ಕಾಯುವ ಶಕ್ತಿ ಎಷ್ಟು ಮನೆಗಳಿಗಿತ್ತು?

ಆ ಹುಡುಗ ಮತ್ತೆ ಬಂದ. ಮೇಜಿನ ಮೇಲೆ ಲಾರಿಯ ಕೀಲಿ ಇಟ್ಟು, “ಸಾರ್, ನಾನೇನು ತಪ್ಪು ಮಾಡಿದೆ?” ಎಂದು ಕೇಳಿದ. ಕಾರು ಅಷ್ಟರಲ್ಲಾಗಲೇ ಸಿಕ್ಕಷ್ಟು ಬೆಲೆಗೆ ಹೋಗಿತ್ತು. ಲಾರಿ ನಿಂತಿದ್ದರೂ ಮುಂದೆ ಓಡಿ ದುಡಿಯಬಲ್ಲದು. ಕಾರು ದುಡಿಯುವಂಥದ್ದಲ್ಲ. ಎಲ್ಲ ಸಾಲ ತೀರಿಸಲು ಅವನಿಗೆ ಆರು ವರ್ಷ ಹಿಡಿಯಿತು.

ತಪ್ಪು ಅವನೊಬ್ಬನದಲ್ಲ. ಈ ತಿಂಗಳು ಕಟ್ಟಬಲ್ಲನೇ ಎಂದು ನಾನು ನೋಡಿದ್ದೆ. ಆದಾಯ ನಿಂತರೆ ಎಷ್ಟು ತಿಂಗಳು ಕಟ್ಟಬಲ್ಲ ಎಂದು ಕೇಳಲಿಲ್ಲ. ಆ ಫೋಟೋ ನೋಡಿದಾಗಲಾದರೂ ಒಂದು ಮಾತು ಕೇಳಬಹುದಿತ್ತು. ಕೇಳದೆ ಕೈಕುಲುಕಿದೆ.

ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. “ನಂದು ಗಣಿ ಅಲ್ಲ ತಾತ. ಸಾಫ್ಟ್‌ವೇರ್” ಎಂದ.

“2010ರಾಗ ಗಣಿಯವರೂ ಹಂಗೇ ಅಂತಿದ್ರಪ್ಪಾ, ಇದು ನಿಲ್ಲೋದಲ್ಲ ಅಂತ.”

ಅವನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬ ಎರಡು ತಿಂಗಳ ಹಿಂದೆ ಕೆಲಸ ಕಳೆದುಕೊಂಡದ್ದನ್ನು ಅವನು ಆಗ ಹೇಳಿದ. ನಾನು ಕೇಳಿರಲಿಲ್ಲ. ತಾನಾಗಿಯೇ ಹೇಳಿದ.

ನಿಲ್ಲಲು ಎಷ್ಟು ದೂರ ಬೇಕು?

ದುಡ್ಡು ಹೋದರೆ ಮತ್ತೆ ದುಡಿಯಬಹುದು. ಇನ್ನೊಂದು ಲೆಕ್ಕ ತಪ್ಪಿದರೆ ಸರಿಪಡಿಸಲಾಗದು.

ಗಂಟೆಗೆ 60 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಎದುರಿಗೆ ಎಮ್ಮೆ ಬಂತು ಎಂದು ಕಣ್ಣು ಕಂಡು, ಮನಸ್ಸು ತಿಳಿದು, ಕಾಲು ಬ್ರೇಕಿಗೆ ಹೋಗಲು ಹೆಚ್ಚುಕಡಿಮೆ ಒಂದು ಸೆಕೆಂಡು. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿದ್ದರೂ ಆಮೇಲೆ ನಿಲ್ಲಲು ಇನ್ನು 20 ಮೀಟರ್. ಒಟ್ಟು 37 ಮೀಟರ್, ಎರಡು ಕ್ರಿಕೆಟ್ ಪಿಚ್‌ಗಿಂತ ಸ್ವಲ್ಪ ಕಡಿಮೆ.

ವೇಗ 120 ಆದರೆ? ಎರಡರಷ್ಟು ದೂರ ಎಂದು ನೀವು ಹೇಳಬಹುದು. ಅಲ್ಲ. ವೇಗ ಎರಡರಷ್ಟಾದರೆ ಬ್ರೇಕ್ ಹಾಕಿದ ಮೇಲೆ ಹೋಗುವ ದೂರ ನಾಲ್ಕರಷ್ಟಾಗುತ್ತದೆ. ಯೋಚಿಸುವಷ್ಟರಲ್ಲಿ 33 ಮೀಟರ್, ನಿಲ್ಲಲು 79 ಮೀಟರ್, ಒಟ್ಟು 112 ಮೀಟರ್. ಐದೂವರೆ ಪಿಚ್! ನಮ್ಮ ಹೆದ್ದಾರಿಗಳಲ್ಲಿ ಅಷ್ಟು ದೂರದೊಳಗೆ ಒಂದು ಕುರಿಮಂದೆ, ದೀಪವಿಲ್ಲದ ಟ್ರ್ಯಾಕ್ಟರ್, ಅಡ್ಡ ಬಂದ ಸೈಕಲ್ ಎಲ್ಲವೂ ಇರಬಹುದು.

2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ದಿನಕ್ಕೆ 460ಕ್ಕೂ ಹೆಚ್ಚು. ಮೂವರಲ್ಲಿ ಇಬ್ಬರು 18ರಿಂದ 45 ವರ್ಷದವರು. ನೂರರಲ್ಲಿ 71 ಸಾವುಗಳಿಗೆ ಅತಿವೇಗ ಕಾರಣ. ಕರ್ನಾಟಕದಲ್ಲಿ 2024ರ ಆಗಸ್ಟ್ 1ರಿಂದ ಗಂಟೆಗೆ 130 ಕಿ.ಮೀ. ಮೀರಿದವರ ಮೇಲೆ ಎಫ್‌ಐಆರ್ ಹಾಕುವುದಾಗಿ ಪೊಲೀಸರು ಪ್ರಕಟಿಸಿದರು. 250 ಓಡಬಲ್ಲ ಕಾರನ್ನು ಕೊಂಡು 80ರಲ್ಲಿ ಓಡಿಸಬೇಕು. ಅದಕ್ಕೇ ಕೊಟ್ಟೆವೆ ಅಷ್ಟು ದುಡ್ಡು?

ಇಲ್ಲಿ ನನ್ನ ವಯಸ್ಸಿನವರಿಗೂ ಒಂದು ಮಾತು. “ಒಂದು ಸುತ್ತು ಹೊಡೆದು ಬರ್ತೀನಿ ತಾತ” ಎಂದಾಗ ಪ್ರೀತಿಯಿಂದ ಕೀಲಿ ಕೊಡುವವರು ನಾವೇ. 18 ತುಂಬದವರ ಕೈಗೆ ಗಾಡಿ ಕೊಟ್ಟು ಅಪರಾಧವಾದರೆ, 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ವೇಗಕ್ಕೂ ಒಂದು ಜಾಗವಿದೆ

ಹಾಗಾದರೆ ವೇಗದ ಆಸೆಯನ್ನು ಕೊಂದುಬಿಡಬೇಕೆ? ಬೇಡ. ಅದಕ್ಕೆ ಸರಿಯಾದ ಜಾಗ ತೋರಿಸಬೇಕು.

2001ರಲ್ಲಿ ಬೆಂಗಳೂರಿನಿಂದ ‘ರೇವಾ’ ಎಂಬ ಪುಟಾಣಿ ವಿದ್ಯುತ್ ಕಾರು ರಸ್ತೆಗಿಳಿಯಿತು. ಅದರ ಹಿಂದಿದ್ದವರು ಚೇತನ್ ಮೈನಿ. ಅವರ ಸೋದರನ ಮಕ್ಕಳು ಅರ್ಜುನ್ ಮತ್ತು ಕುಶ್ ಮೈನಿ ಇಬ್ಬರೂ ರೇಸ್ ಚಾಲಕರು. ಕುಶ್ 2025ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದ. ಇಂಥವರು ಮಕ್ಕಳಾಗಿದ್ದಾಗಲೇ ಗೋ-ಕಾರ್ಟ್ ಎಂಬ ಪುಟ್ಟ ಗಾಡಿಯಿಂದ ಕಲಿಯುತ್ತಾರೆ. ಹೆಲ್ಮೆಟ್, ಬೆಂಕಿ ತಡೆಯುವ ಉಡುಪು, ಸುತ್ತ ತಡೆಗೋಡೆ, ಪಕ್ಕದಲ್ಲಿ ವೈದ್ಯರು. ಎದುರಿನಿಂದ ಯಾರೂ ಬರದ ಟ್ರ್ಯಾಕು.

ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ‘ಅಶ್ವ ರೇಸಿಂಗ್’ ತಂಡದ ವಿದ್ಯಾರ್ಥಿಗಳು ರೇಸ್ ಕಾರನ್ನು ತಾವೇ ವಿನ್ಯಾಸ ಮಾಡಿ, ಬೆಸುಗೆ ಹಾಕಿ, ಓಡಿಸಿ, ದೇಶ ವಿದೇಶಗಳ ಸ್ಪರ್ಧೆಗೆ ಒಯ್ಯುತ್ತಾರೆ. ಮೊಮ್ಮಗಳ ಕಣ್ಣು ಅರಳಿದ್ದು ಇದನ್ನು ಕೇಳಿದಾಗ. “ಕೊಳ್ಳೋದಲ್ಲ, ಮಾಡೋದಾ?” ಎಂದಳು.

ಕೊನೆಗೆ ನಾವು ಮೂವರೂ ಒಪ್ಪಿದ ನಾಲ್ಕು ಸಾಲು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿವೆ:

1. ಆರು ತಿಂಗಳ ಖರ್ಚು ಕೈಯಲ್ಲಿ ಇಲ್ಲದೆ ಕಾರಿನ ಸಾಲ ಬೇಡ.
2. ಅರ್ಧ ದುಡ್ಡಾದರೂ ಸ್ವಂತದ್ದಿರಬೇಕು. ಸಾಲ ಮೂರು ವರ್ಷದೊಳಗೆ ಮುಗಿಯಬೇಕು.
3. ಎರಡು ವರ್ಷ ಮಾಮೂಲಿ ಕಾರು ಓಡಿಸಿ ಕೈ ಪಳಗಬೇಕು. ಅದು ಹಳೆಯ ಕಾರಾದರೂ ಸೈ.
4. ಅಜ್ಜ ಅಜ್ಜಿಯ ಠೇವಣಿ ಅವರ ಔಷಧಿಗೆ. ಅದಕ್ಕೆ ಚಕ್ರ ಹಚ್ಚಬಾರದು.

ನಾಲ್ಕನೆಯದನ್ನು ಹೇಳಿದ್ದು ನಾನಲ್ಲ, ಮೊಮ್ಮಗ.

ಸಂಕ್ರಾಂತಿಗೆ ಅವನು ಮತ್ತೆ ಬಂದ, ಹಂಪಿ ಎಕ್ಸ್‌ಪ್ರೆಸ್ ರೈಲಿನಲ್ಲಿ. ಆರ್.ಡಿ. ಶುರುವಾಗಿದೆ. ತಿಂಗಳಿಗೊಮ್ಮೆ ಬೆಂಗಳೂರಿನ ಕಾರ್ಟಿಂಗ್ ಟ್ರ್ಯಾಕಿಗೆ ಹೋಗುತ್ತಾನಂತೆ. ಕೆಂಪು ಕಾರಿನ ಫೋಟೋ ಮೊಬೈಲಿನಲ್ಲಿ ಇನ್ನೂ ಇದೆ. ಅಳಿಸು ಎಂದು ನಾನು ಹೇಳಿಲ್ಲ. ಅವರಜ್ಜಿ ಮಾತ್ರ ಎಳ್ಳು ಬೆಲ್ಲ ಕೊಡುತ್ತಾ ಹೇಳಿದಳು: “ಯಾವಾಗರ ತಗೋ. ಆದ್ರ ನಾಲ್ಕು ಬಾಗಿಲಿಂದು ತಗೋ. ನಾನೂ ಕುಂದ್ರಬೇಕು.”

ಮನೆಯಲ್ಲೇ ಮಾಡಿ ನೋಡಿ: ನಿಮ್ಮ ಕೈ ಎಷ್ಟು ಚುರುಕು?

30 ಸೆಂ.ಮೀ. ಉದ್ದದ ಸ್ಕೇಲನ್ನು ಅಜ್ಜ ಮೇಲಿನಿಂದ ನೇತುಹಿಡಿಯಲಿ. ಸೊನ್ನೆಯ ಗುರುತು ಕೆಳಗಿರಲಿ. ಅಲ್ಲಿ ಮೊಮ್ಮಗು ಹೆಬ್ಬೆರಳು, ತೋರುಬೆರಳನ್ನು ತಾಗಿಸದೆ ಅಗಲಿಸಿ ಹಿಡಿಯಲಿ. ಅಜ್ಜ ಹೇಳದೆ ಬಿಡಬೇಕು, ಮೊಮ್ಮಗು ಹಿಡಿಯಬೇಕು. 20 ಸೆಂ.ಮೀ. ಹತ್ತಿರ ಸಿಕ್ಕರೆ ನಿಮಗೆ ಹಿಡಿದ ಸಮಯ ಸೆಕೆಂಡಿನ ಐದನೇ ಒಂದು ಭಾಗ. ಈಗ ಜಾಗ ಬದಲಿಸಿ. ಆಮೇಲೆ ಹಾಡು ಕೇಳುತ್ತಾ, ಯಾರೊಡನೆಯೋ ಮಾತಾಡುತ್ತಾ ಇನ್ನೊಮ್ಮೆ ಹಿಡಿಯಿರಿ. ಸ್ಕೇಲು ಎಷ್ಟು ಕೆಳಗೆ ಜಾರಿತು, ಬರೆದಿಡಿ. ಕಾರು ಓಡಿಸುವಾಗ ಮೊಬೈಲ್ ಏಕೆ ಬೇಡ ಎಂಬುದು ನಿಮಗೇ ತಿಳಿಯುತ್ತದೆ.